ರೇಡಿಯೋ ರಾಯರ ನಂಬರು

36 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಎದುರಿಗೆ ಬಂದವರನ್ನೆಲ್ಲ "ಗುರುತಿಗೆ ಏನಾದರೂ ತಂದಿದ್ದೀರಾ?" ಎಂದು ಕೇಳಿದವನು ನಾನು. ಗುರುತಿದ್ದವರನ್ನೂ ಕೇಳಿದ್ದೇನೆ. ಒಮ್ಮೆ ನಮ್ಮ ಮಾವನವರನ್ನೇ ಕೇಳಿ, ಹಬ್ಬದ ಊಟದ ಹೊತ್ತಿನಲ್ಲಿ ಅದರ ಫಲ ಉಂಡಿದ್ದೇನೆ. ಹೋದ ದಸರಾ ರಜೆಯಲ್ಲಿ ಅದೇ ಪ್ರಶ್ನೆ ನನ್ನ ಕಡೆಗೆ ತಿರುಗಿತು. ಕೇಳಿದ್ದು ಮನುಷ್ಯರಲ್ಲ, ನಮ್ಮ ಕಾರಿನ ಸ್ಟೀರಿಯೋ. ಹಾಡು ಹಾಕಲೆಂದು ಗುಂಡಿ ಒತ್ತಿದರೆ ಪುಟ್ಟ ಪರದೆಯ ಮೇಲೆ "ಕೋಡ್" ಎಂದು ತೋರಿಸಿ ಸುಮ್ಮನೆ ಕೂತಿತು. ನೀನು ಯಾರು, ಈ ಕಾರು ನಿನ್ನದೇ ಎನ್ನುವುದಕ್ಕೆ ಏನು ಸಾಕ್ಷಿ ಎನ್ನುವ ಹಾಗೆ.

ಆ ಕಥೆಗೆ ಬರುವ ಮೊದಲು ಪೆಟ್ಟಿಗೆಯ ಪರಿಚಯ ಮಾಡಿಕೊಡಬೇಕು. ಮಕ್ಕಳೇ, ನಿಮ್ಮ ಅಪ್ಪನ ಕಾರಿನಲ್ಲಿ ಈಗ ಟೀವಿಯಂಥ ಪರದೆ ಇರುತ್ತದೆ, ಬೆರಳು ಆಡಿಸಿದರೆ ಸಾಕು. ನಮ್ಮದು ಹಳೆಯ ಕಾರು. ಮಗ 2014ರಲ್ಲಿ ಪುಣೆಗೆ ವರ್ಗವಾಗಿ ಹೋಗುವಾಗ "ಅಪ್ಪಾ, ಇದನ್ನು ಮಾರಿದರೆ ಏನೂ ಬರೋಲ್ಲ, ನೀವೇ ಇಟ್ಕೊಳ್ಳಿ" ಎಂದು ಬಿಟ್ಟುಹೋದದ್ದು. ಅದರಲ್ಲಿರುವ ಸ್ಟೀರಿಯೋ 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ. ಈ ಅಳತೆ ಜರ್ಮನಿಯವರು ಗೊತ್ತುಮಾಡಿದ್ದು. ಲೋಕದ ಎಷ್ಟೋ ಕಂಪನಿಗಳು ಅದನ್ನೇ ಒಪ್ಪಿಕೊಂಡದ್ದರಿಂದ ಒಂದು ಕಾರಿನದ್ದನ್ನು ಬಿಚ್ಚಿ ಇನ್ನೊಂದಕ್ಕೆ ಕೂರಿಸಬಹುದಾಗಿತ್ತು. ಕಳ್ಳರಿಗೂ ಅದೇ ಅನುಕೂಲವಾಯಿತು. ಗಾಜು ಒಡೆದು ಸ್ಟೀರಿಯೋ ಕದಿಯುವುದು ಒಂದು ಕಾಲದಲ್ಲಿ ದೊಡ್ಡ ಕಸುಬಾಗಿತ್ತು. ಅದಕ್ಕೇ ಕೆಲವು ಕಂಪನಿಗಳು ಪೆಟ್ಟಿಗೆಯ ಮುಖವನ್ನೇ ಕಳಚಿ ಜೇಬಿನಲ್ಲಿಟ್ಟುಕೊಂಡು ಹೋಗುವ ಹಾಗೆ ಮಾಡಿದವು. ಇನ್ನು ಕೆಲವು, ನಮ್ಮದರ ಹಾಗೆ, ನಾಲ್ಕು ಅಂಕಿಯ ಗುಟ್ಟನ್ನು ಒಳಗಿಟ್ಟವು.

ಮೊದಲ ಎರಡು ವರ್ಷ ನಾನು ಅದನ್ನು ಮುಟ್ಟಲೇ ಇಲ್ಲ. ಅಷ್ಟೊಂದು ಗುಂಡಿ, ಒಂದೊಂದರ ಮೇಲೂ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ. ಕಲಿಸಿದವಳು ಮಗಳ ಮಗಳು, ನಮ್ಮ ಪುಟ್ಟಿ. ಆಗ ಇನ್ನೂ ಪುಟ್ಟ ಹುಡುಗಿ, ಈಗ ಎಂಟನೇ ಕ್ಲಾಸು. ಪಾಠ ಹೀಗೆ ಶುರುವಾಯಿತು: "ತಾತ, ಮೊದಲು ಎಸ್‌ಆರ್‌ಸಿ ಅಂತ ಇರೋದನ್ನ ಒತ್ತು. ಅದು ಸೋರ್ಸ್. ಹಾಡು ಎಲ್ಲಿಂದ ಬರಬೇಕು ಅಂತ ಕೇಳುತ್ತೆ." ಒಂದು ಸಲ ಒತ್ತಿದರೆ ರೇಡಿಯೋ, ಇನ್ನೊಮ್ಮೆ ಒತ್ತಿದರೆ ಸಿಡಿ, ಮತ್ತೊಮ್ಮೆ ಒತ್ತಿದರೆ ಆಕ್ಸ್, ಅಂದರೆ ವೈರು ಹಾಕಿ ಫೋನಿನಿಂದ ಕೇಳುವುದು. ನನಗೆ ತಕ್ಷಣ ಅರ್ಥವಾಯಿತು. ಉಳಿತಾಯ ಖಾತೆಯೋ, ಚಾಲ್ತಿ ಖಾತೆಯೋ, ಠೇವಣಿಯೋ ಎಂದು ಮೊದಲು ಹೇಳಬೇಕು, ಆಮೇಲೆ ಮಿಕ್ಕ ವ್ಯವಹಾರ.

ಆಮೇಲಿನದು 1ರಿಂದ 6ರವರೆಗಿನ ಗುಂಡಿಗಳು. ಇಲ್ಲಿ ನಮ್ಮ ವಯಸ್ಸಿನವರು ಎಡವುವ ಜಾಗವಿದೆ, ಓರಗೆಯವರು ಗಮನಿಸಿ. ಗುಂಡಿಯನ್ನು ಹಾಗೆ ತಟ್ಟಿ ಬಿಟ್ಟರೆ ಅದರಲ್ಲಿ ಬರೆದಿಟ್ಟ ಸ್ಟೇಷನ್ ಬರುತ್ತದೆ. ಎರಡು ಸೆಕೆಂಡು ಒತ್ತಿ ಹಿಡಿದರೆ ಈಗ ಹಾಡುತ್ತಿರುವ ಸ್ಟೇಷನ್ ಆ ಗುಂಡಿಗೆ ಹೋಗಿ ಕೂರುತ್ತದೆ, ಹಳೆಯದು ಅಳಿಸಿಹೋಗುತ್ತದೆ. ನಮ್ಮ ಬೆರಳು ನಿಧಾನ. ಗುಂಡಿ ಒತ್ತಿ, ಒತ್ತಿತೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಎರಡು ಸೆಕೆಂಡು ಆಗಿರುತ್ತದೆ. ಹೀಗೆ ನನ್ನ ಹೆಂಡತಿ ಒಂದೇ ಪ್ರಯಾಣದಲ್ಲಿ ಆರೂ ಗುಂಡಿಗೂ ಒಂದೇ ಸ್ಟೇಷನ್ ತುಂಬಿಬಿಟ್ಟಳು. "ಯಾವುದು ಒತ್ತಿದರೂ ಒಂದೇ ಜಾಹೀರಾತು ಬರ್ತಿದೆ ಕಣ್ರೀ, ರೇಡಿಯೋದವರೆಲ್ಲ ಒಂದಾಗಿಬಿಟ್ರಾ?" ಎಂದಳು. ಲೆಡ್ಜರಿನಲ್ಲಿ ಒಂದು ಖಾತೆಯ ಮೇಲೆ ಇನ್ನೊಂದನ್ನು ಬರೆದ ಹಾಗಾಗಿತ್ತು. ನಮ್ಮ ಮ್ಯಾನೇಜರ್ ಆಗಿದ್ದರೆ ಮೆಮೋ ಕೊಡುತ್ತಿದ್ದರು.

ಇನ್ನು ಬ್ಯಾಲೆನ್ಸ್ ಎನ್ನುವ ಆಯ್ಕೆ. ಇದಕ್ಕೂ ಪಾಸ್‌ಬುಕ್ಕಿಗೂ ಸಂಬಂಧವಿಲ್ಲ, ಎಡಗಡೆ ಸ್ಪೀಕರಿಗೆ ಎಷ್ಟು ಸದ್ದು, ಬಲಗಡೆಗೆ ಎಷ್ಟು ಎಂದು ಹಂಚುವುದು. ನನಗೆ ಬಲಗಡೆಯದು ಕೇಳಿಸುತ್ತಲೇ ಇರಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದು ಬದಲಾಯಿಸುವ ಲೆಕ್ಕ ಹಾಕುತ್ತಿದ್ದೆ. ಪುಟ್ಟಿ ಬಂದು ನನ್ನ ಸೀಟಿನಲ್ಲಿ ಕೂತು ಕೇಳಿ, ಸ್ವಲ್ಪ ಹೊತ್ತು ಏನೂ ಹೇಳದೆ, "ತಾತ, ಸ್ಪೀಕರ್ ಚೆನ್ನಾಗಿದೆ" ಎಂದಳು. ಕೆಟ್ಟದ್ದು ಕಿವಿ. ಅವತ್ತೇ ಡಾಕ್ಟರ ಹತ್ತಿರ ಹೋದೆ. ಸ್ಟೀರಿಯೋದ ಉಪಯೋಗಗಳಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು.

ಈಗ ರೇಡಿಯೋ. ನಮ್ಮ ಅಕ್ಕ ಹಾಸನದಲ್ಲಿದ್ದಾಳೆ. ತಿಂಗಳಿಗೊಮ್ಮೆಯಾದರೂ ಮೈಸೂರಿನಿಂದ ಅಲ್ಲಿಗೆ ಹೋಗಿಬರುವುದು ರೂಢಿ. ಇಲವಾಲ, ಬಿಳಿಕೆರೆ, ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ. ಮನೆ ಬಿಡುವಾಗ ಮೈಸೂರು ಆಕಾಶವಾಣಿಯ 100.6 ಗಟ್ಟಿಯಾಗಿ ಹಾಡುತ್ತಿರುತ್ತದೆ. ಕೃಷ್ಣರಾಜನಗರ ದಾಟಿ ಭೇರ್ಯದ ಕಡೆ ಹೋಗುತ್ತಿದ್ದ ಹಾಗೆ ಗಾಯಕರ ಗಂಟಲಿಗೆ ಮರಳು ಸೇರಿಕೊಂಡಂತಾಗುತ್ತದೆ. ಹೊಳೆನರಸೀಪುರದ ಹೊತ್ತಿಗೆ ಹಾಸನದ 102.2 ಹಿಡಿದುಕೊಳ್ಳುತ್ತದೆ. ನಡುವೆ ಕೆಲವು ಮೈಲಿ ಎರಡೂ ಇಲ್ಲದ ಜಾಗ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುವುದು. ಪ್ರಸಾರದ ಗೋಪುರ ಕಾಣುವಷ್ಟು ದೂರ, ಅದಕ್ಕಿಂತ ಸ್ವಲ್ಪ ಆಚೆ, ಅಷ್ಟೇ ಅದರ ಸೀಮೆ. ಗುಡ್ಡ ಅಡ್ಡ ಬಂದರೆ, ಭೂಮಿಯ ಉಬ್ಬು ಅಡ್ಡ ಬಂದರೆ ಮುಗಿಯಿತು. ಮೀಡಿಯಂ ವೇವ್ ಹಾಗಲ್ಲ. ಅದು ನೆಲ ಹಿಡಿದುಕೊಂಡು ದೂರ ಹೋಗುತ್ತದೆ, ರಾತ್ರಿ ಹೊತ್ತು ಆಕಾಶದ ಮೇಲ್ಪದರಕ್ಕೆ ಬಡಿದು ಇನ್ನೂ ದೂರ ಬಂದಿಳಿಯುತ್ತದೆ. ಬೆಂಗಳೂರು 612, ಭದ್ರಾವತಿ 675, ಧಾರವಾಡ 765. ಕೊನೆಯ ಎರಡರಲ್ಲಿ ಅಂಕಿಗಳು ಅವೇ, ಜಾಗ ಮಾತ್ರ ಬೇರೆ. ಒಂದನ್ನು ಹುಡುಕಲು ಹೋಗಿ ಇನ್ನೊಂದರಲ್ಲಿ ನಿಂತು, ಎಲ್ಲಿದ್ದೇನೆ ಎಂದು ತಿಳಿಯದೆ ಪೇಚಾಡಿದ್ದೇನೆ. ಆದರೆ ವಿದ್ಯುತ್ ತಂತಿಯ ಕೆಳಗೆ ಕಾರು ಹೋದರೆ ಸಾಕು, ಮೀಡಿಯಂ ವೇವ್ ಒಗ್ಗರಣೆ ಸಿಡಿದ ಹಾಗೆ ಚಟಪಟ ಎನ್ನುತ್ತದೆ. ಎಫ್‌ಎಂಗೆ ಆ ತೊಂದರೆ ಕಡಿಮೆ.

ಸ್ಟೇಷನ್ ಹುಡುಕುವುದಕ್ಕೆ ಎಡಬಲದ ಬಾಣದ ಗುರುತಿನ ಗುಂಡಿಗಳಿವೆ. ಒತ್ತಿಬಿಟ್ಟರೆ ಅದೇ ಓಡಿಹೋಗಿ ಮುಂದೆ ಯಾವ ಸ್ಟೇಷನ್ ಗಟ್ಟಿಯಾಗಿದೆಯೋ ಅಲ್ಲಿ ನಿಲ್ಲುತ್ತದೆ. ನನ್ನ ಬಾಲ್ಯದಲ್ಲಿ ಹೀಗಿರಲಿಲ್ಲ. ನಮ್ಮೂರಿನ ಶಾನುಭೋಗರ ಮನೆಯ ವಾಲ್ವ್ ರೇಡಿಯೋದಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಬೇಕಿತ್ತು, ಅದನ್ನು ಮುಟ್ಟುವ ಹಕ್ಕು ಶಾನುಭೋಗರಿಗೆ ಮಾತ್ರ. ಮಕ್ಕಳೇ, ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೆ ಅಂಚೆ ಕಚೇರಿಗೆ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು ಎಂದರೆ ಪುಟ್ಟಿ ನಂಬಲೇ ಇಲ್ಲ. ಮೈಸೂರಿನವನಾಗಿ ಇದೊಂದು ಮಾತು ಹೇಳದೆ ಮುಂದೆ ಹೋಗಲಾರೆ: 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ನಿಲಯ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಇದ್ದದ್ದು ಅದಕ್ಕೆ. ಆಮೇಲೆ ಅದು ಇಡೀ ದೇಶದ ರೇಡಿಯೋದ ಹೆಸರಾಯಿತು.

ಸಿಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಥೆ ಇರುವುದು ಅಲ್ಲಿ.

ಸಿಡಿ ಎಂದರೆ 12 ಸೆಂಟಿಮೀಟರ್ ಅಡ್ಡಗಲದ ತಟ್ಟೆ. ಹೊಳೆಯುವ ಬದಿಯಲ್ಲಿ ಸುರುಳಿಯಾಗಿ ಒಂದೇ ಗೆರೆ. ಆ ಗೆರೆಯನ್ನು ಬಿಡಿಸಿ ಹಾಸಿದರೆ 5 ಕಿಲೋಮೀಟರಿಗೂ ಮೀರುತ್ತದೆ. ಹಾಡು ಅದರಲ್ಲಿ ಕಣ್ಣಿಗೆ ಕಾಣದ ಗುಳಿಗಳ ರೂಪದಲ್ಲಿರುತ್ತದೆ. ಲೇಸರ್ ಬೆಳಕು ಆ ಗುಳಿಗಳ ಮೇಲೆ ಹಾಯ್ದು ಹಾಡನ್ನು ಓದುತ್ತದೆ. ಹಳೆಯ ಗ್ರಾಮೊಫೋನ್ ತಟ್ಟೆಯಲ್ಲಿ ಮುಳ್ಳು ಅಂಚಿನಿಂದ ಒಳಗೆ ಬರುತ್ತಿತ್ತು. ಸಿಡಿಯಲ್ಲಿ ಓದು ಶುರುವಾಗುವುದು ಒಳಗಿನಿಂದ, ಅಂಚಿನ ಕಡೆಗೆ. ಒಳಸುತ್ತು ಓದುವಾಗ ತಟ್ಟೆ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಹೊರಸುತ್ತಿಗೆ ಬರುವಾಗ ಸುಮಾರು 200. ಗುಂಡಿಗೆ ಬಿದ್ದು ಕಾರು ಕುಲುಕಿದರೂ ಹಾಡು ತಪ್ಪದಿರಲೆಂದು, ಕೆಲವು ಪ್ಲೇಯರ್‌ಗಳು ಒಂದಷ್ಟು ಸೆಕೆಂಡಿನ ಹಾಡನ್ನು ಮೊದಲೇ ಓದಿ ನೆನಪಿನಲ್ಲಿಟ್ಟುಕೊಂಡಿರುತ್ತವೆ. ನಮ್ಮ ರಸ್ತೆಗಳಿಗೆ ಆ ಸೆಕೆಂಡುಗಳು ಸಾಲದು ಎನ್ನುವುದು ಬೇರೆ ಮಾತು.

ಒರೆಸುವುದಾದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ತಟ್ಟೆ ತೊಳೆದ ಹಾಗೆ ಗುಂಡಗೆ ಉಜ್ಜಬಾರದು. ಅಡ್ಡಗೀರು ಬಿದ್ದರೆ ಪ್ಲೇಯರ್ ಹೇಗೋ ಸಂಭಾಳಿಸಿಕೊಳ್ಳುತ್ತದೆ, ಗೆರೆಯ ಉದ್ದಕ್ಕೂ ಗೀರಿದರೆ ಆಗುವುದಿಲ್ಲ. ಹೆಸರು ಬರೆಯುವ ಮೇಲಿನ ಬದಿಯನ್ನು ಯಾರೂ ಜೋಪಾನ ಮಾಡುವುದಿಲ್ಲ. ನಿಜವಾಗಿ ಹಾಡಿರುವ ಪದರ ಆ ಬದಿಗೇ ಹತ್ತಿರ. ಕಾಗದದ ಚೀಟಿ ಅಂಟಿಸಿ ಕಾರಿನ ಸ್ಟೀರಿಯೋಗೆ ಹಾಕಲೇಬಾರದು, ಒಳಗಿನ ಬಿಸಿಗೆ ಅಂಟು ಬಿಟ್ಟು ಚೀಟಿ ಮಡಚಿಕೊಂಡರೆ ತಟ್ಟೆ ಹೊರಗೆ ಬರುವುದಿಲ್ಲ. ಮನೆಯಲ್ಲಿ ಬರೆದ ಸಿಡಿಯಾದರೆ ಇನ್ನೂ ನಾಜೂಕು. ಅದರಲ್ಲಿ ಗುಳಿಗಳ ಬದಲು ಬಣ್ಣದ ಒಂದು ಪದರ ಇರುತ್ತದೆ, ಬಿಸಿಲಿಗೆ ಬಿಟ್ಟರೆ ಅದು ಕೆಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ನಮ್ಮ ಮನೆಯ ಅತಿ ಬೆಲೆಯ ಸಿಡಿಯನ್ನು ತಿಂಗಳುಗಟ್ಟಲೆ ಕಾರಿನಲ್ಲೇ ಬಿಟ್ಟಿದ್ದೆ.

1984ರಲ್ಲಿ ನನ್ನ ತಂಗಿಯ ಮದುವೆ ಊರಿನಲ್ಲಾಯಿತು. ಆಗ ನನ್ನ ಹತ್ತಿರ ಒಂದು ಕ್ಯಾಸೆಟ್ ರೆಕಾರ್ಡರ್ ಇತ್ತು, ಬೋನಸ್ ದುಡ್ಡಿನಲ್ಲಿ ತಂದದ್ದು. ಚಪ್ಪರದ ಕೆಳಗೆ ಅದನ್ನಿಟ್ಟು ಅಕ್ಕ ಹಾಡಿದ ಸೋಬಾನೆ ಪದಗಳನ್ನು ಹಿಡಿದಿದ್ದೆ. ಎಣ್ಣೆ ಶಾಸ್ತ್ರದ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು, ಒಟ್ಟು ಹನ್ನೊಂದು. ಅಕ್ಕನಿಗೆ ಆಗ ನಲವತ್ತೊಂದು. ಗಂಟಲು ಎಂದರೆ ಗಂಟಲು, ಮೈಕು ಬೇಕಿರಲಿಲ್ಲ. ಬೀಗರ ಹಾಡಿನ ನಡುವೆ ಅವಳಿಗೊಂದು ಕಡೆ ಪದ ಮರೆಯುತ್ತದೆ, ತಡವರಿಸುತ್ತಾಳೆ, ಹೆಂಗಸರೆಲ್ಲ ನಗುತ್ತಾರೆ. ಆಗ ಪಕ್ಕದಿಂದ ಅಮ್ಮ "ಹೋಳಿಗೆ! ಹೋಳಿಗೆ ಕಣೇ!" ಎಂದು ಎತ್ತಿಕೊಡುತ್ತಾಳೆ. ಅಮ್ಮನ ದನಿ ನಮ್ಮ ಹತ್ತಿರ ಉಳಿದಿರುವುದು ಅಷ್ಟೇ, ಆ ಮೂರು ಮಾತು. ಅಮ್ಮ ಹೋಗಿ ಮೂವತ್ತು ವರ್ಷದ ಮೇಲಾಯಿತು.

2007ರಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತೆಂದು ಮಗ ಅದನ್ನು ಕಂಪ್ಯೂಟರಿಗೆ ಇಳಿಸಿ ಒಂದು ಸಿಡಿ ಮಾಡಿಕೊಟ್ಟ. ಆಮೇಲೆ ಕ್ಯಾಸೆಟ್ಟು ಪೂರ್ತಿ ಹಾಳಾಯಿತು. ಆ ಕಂಪ್ಯೂಟರೂ ಕೆಟ್ಟು ಗುಜರಿಗೆ ಹೋಯಿತು. "ಅಪ್ಪಾ, ಅದಕ್ಕೊಂದು ಕಾಪಿ ಮಾಡಿಸಿ" ಎಂದು ಮಗ ಹೇಳಿದಾಗಲೆಲ್ಲ ಮುಂದಿನ ಭಾನುವಾರ ಎಂದೆ. ಬ್ಯಾಂಕಿನಲ್ಲಿ ಪ್ರತಿ ವೋಚರಿಗೂ ನಕಲು ಇಟ್ಟವನು ನಾನು.

ಹೋದ ಆಷಾಢದಲ್ಲಿ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸ್ವಲ್ಪ ಸುಧಾರಿಸಿತು, ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಹೇಳಬೇಕೆಂದು ಬಾಯಿ ತೆಗೆಯುತ್ತಾಳೆ, ಪದ ಸಿಕ್ಕುವುದಿಲ್ಲ. ಎಂಬತ್ತೆರಡರ ಅಕ್ಕ ಕೈ ಬೀಸಿ ಸಿಟ್ಟು ಮಾಡಿಕೊಂಡು ಗೋಡೆ ಕಡೆ ತಿರುಗುವುದನ್ನು ನೋಡಲಾಗುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಒಂದು ದಿನ ನನ್ನನ್ನು ಕೇಳಿದಳು: "ಇವರು ಮೊದಲು ಹಾಡ್ತಿದ್ರಾ ಸಾರ್? ಹಾಡ್ತಿದ್ರೆ ಇವರಿಗೆ ರೂಢಿಯಿರೋ ಹಾಡು ಕೇಳಿಸಿ. ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತೆ." ಮಾತಿಗೂ ಹಾಡಿಗೂ ಮೆದುಳಿನಲ್ಲಿ ಒಂದೇ ದಾರಿಯಲ್ಲವಂತೆ. ನನಗೆ ಮಿಂಚಿದ ಹಾಗಾಯಿತು. ರೂಢಿಯಿರುವ ಹಾಡೇನು, ಅಕ್ಕನದೇ ಹಾಡು ಅಕ್ಕನದೇ ದನಿಯಲ್ಲಿ ಇದೆಯಲ್ಲ! ದಸರೆಗೆ ಅವಳನ್ನು ಮೈಸೂರಿಗೆ ಕರೆತರುವುದೆಂದೂ, ದಾರಿಯಲ್ಲೇ ಸಿಡಿ ಹಾಕುವುದೆಂದೂ ತೀರ್ಮಾನವಾಯಿತು. ಶನಿವಾರ ಹೊರಡುವುದು.

ಆ ಮಂಗಳವಾರ ಕಾರು ಸ್ಟಾರ್ಟ್ ಆಗಲಿಲ್ಲ. ಮೂರು ವಾರ ತೆಗೆದಿರಲಿಲ್ಲ, ಬ್ಯಾಟರಿಗೂ ವಯಸ್ಸಾಗಿತ್ತು. ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಕೂರಿಸಿ ಹೋದ. ಹೋದ ಮೇಲೆ ಸ್ಟೀರಿಯೋ ಹಾಕಿದರೆ, ಮೊದಲೇ ಹೇಳಿದೆನಲ್ಲ, "ಕೋಡ್".

ಕಾರಣ ಸರಳ. ಸ್ಟೀರಿಯೋಗೆ ಎರಡು ದಾರಿಯಲ್ಲಿ ಕರೆಂಟು ಬರುತ್ತದೆ. ಸಾಮಾನ್ಯವಾಗಿ ಹಳದಿ ವೈರಿನದು ಯಾವಾಗಲೂ ಇರುವ ಕರೆಂಟು, ಅದು ನೆನಪನ್ನು ಕಾಪಾಡುವುದಕ್ಕೆ. ಕೆಂಪು ವೈರಿನದು ಕೀಲಿ ತಿರುಗಿಸಿದಾಗ ಮಾತ್ರ ಬರುವುದು. ಬ್ಯಾಟರಿ ಕಳಚಿದ ಕೂಡಲೇ ಹಳದಿ ವೈರಿನ ಕರೆಂಟೂ ಹೋಯಿತು. ಆರು ಗುಂಡಿಯ ಸ್ಟೇಷನ್ನುಗಳೂ ಮರೆತುಹೋದವು, ಗಡಿಯಾರವೂ 12 ಗಂಟೆಗೆ ಹೋಯಿತು. ಅಷ್ಟೇ ಅಲ್ಲ, ಕಳ್ಳ ನನ್ನನ್ನು ಕಿತ್ತುಕೊಂಡು ಬಂದಿದ್ದಾನೆ ಎಂದು ಪೆಟ್ಟಿಗೆ ತಿಳಿದುಕೊಂಡಿತು. ಬೀಗ ಬಿದ್ದ ಮೇಲೆ ಸಿಡಿ ಹೊರಗೆ ಹಾಕುವ ಗುಂಡಿಯೂ ಕೆಲಸ ಮಾಡುವುದಿಲ್ಲ, ನಮ್ಮದರಲ್ಲಂತೂ ಮಾಡಲಿಲ್ಲ. ಅಕ್ಕನ ಹನ್ನೊಂದು ಹಾಡು, ಅಮ್ಮನ ಮೂರು ಮಾತು ಒಳಗೆ. ನಾನು ಹೊರಗೆ.

ಕೋಡ್ ಹಾಕುವ ಕ್ರಮ ಕಾರಿನ ಪುಸ್ತಕದಲ್ಲಿತ್ತು. 1ನೇ ಗುಂಡಿ ಒತ್ತುತ್ತ ಹೋದರೆ ಮೊದಲ ಅಂಕಿ ಏರುತ್ತದೆ, 2ನೆಯದರಿಂದ ಎರಡನೇ ಅಂಕಿ, ಹೀಗೆ ನಾಲ್ಕು. ಆಮೇಲೆ 5ನೇ ಗುಂಡಿ ಒತ್ತಿ ಹಿಡಿಯಬೇಕು. ಕ್ರಮ ಸಿಕ್ಕಿತು, ಅಂಕಿ ಸಿಗಲಿಲ್ಲ. ಮಗನಿಗೆ ಫೋನು ಮಾಡಿದೆ. "ಕಾರು ಕೊಡುವಾಗ ಒಂದು ಕಾರ್ಡು ಕೊಟ್ಟಿದ್ದೆನಲ್ಲಪ್ಪಾ, ಅದರಲ್ಲಿದೆ" ಎಂದ. ಕಾರ್ಡು ಎಲ್ಲೂ ಇಲ್ಲ.

ನಾನು ಕಾರಿನ ನಂಬರು ಹಾಕಿದೆ. ತಪ್ಪು. ಮಗ ಹುಟ್ಟಿದ ಇಸವಿ ಹಾಕಿದೆ. ತಪ್ಪು. ಪೆಟ್ಟಿಗೆ "ಸೇಫ್" ಎಂದು ತೋರಿಸಿ ಬಾಯಿ ಮುಚ್ಚಿತು. ಎರಡು ಸಲ ತಪ್ಪಿದರೆ ಒಂದು ಗಂಟೆ ಕಾಯಬೇಕೆಂದು ಪುಸ್ತಕದಲ್ಲಿದೆ. ಪುಟ್ಟಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ತಾತ, ನಿಮ್ಮ ಬ್ಯಾಂಕಲ್ಲಿ ಯಾರಾದ್ರೂ ಹೀಗೆ ಊಹೆ ಮಾಡಿ ಪಿನ್ ಹಾಕ್ತಿದ್ರೆ ನೀನು ಏನು ಮಾಡ್ತಿದ್ದೆ?" ಎಂದಳು. ಪೊಲೀಸರಿಗೆ ಹೇಳುತ್ತಿದ್ದೆ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಲೆಕ್ಕ ಬರುವ ಮಕ್ಕಳು ನೀವೂ ಹಾಕಿ ನೋಡಿ. 0000ರಿಂದ 9999ರವರೆಗೆ ಹತ್ತು ಸಾವಿರ ಸಾಧ್ಯತೆ. ಗಂಟೆಗೆ ಎರಡು ಪ್ರಯತ್ನ. ಐದು ಸಾವಿರ ಗಂಟೆ. ಹಗಲೂ ರಾತ್ರಿ ಕಾರಿನಲ್ಲಿ ಕೂತರೂ ಕೊನೆ ಮುಟ್ಟಲು 208 ದಿನ. ಶನಿವಾರಕ್ಕೆ ನಾಲ್ಕು ದಿನ ಇತ್ತು.

ಬುಧವಾರ ಕಾರು ಮಾರುವವರ ಅಂಗಡಿಗೆ ಹೋದೆ. ಸ್ಟೀರಿಯೋ ಹೊರಗೆಳೆದರೆ ಅದರ ಮೈಮೇಲೆ ಕ್ರಮಸಂಖ್ಯೆ ಇರುತ್ತದೆ, ಅದರಿಂದ ಕೋಡ್ ತರಿಸಬಹುದು ಎಂದರು. ಆದರೆ ಕಾರು ಯಾರ ಹೆಸರಿನಲ್ಲಿದೆಯೋ ಅವರ ಗುರುತಿನ ಚೀಟಿ ಮತ್ತು ಸಹಿ ಬೇಕು. ಹೆಸರು ಮಗನದು, ಮಗ ಪುಣೆಯಲ್ಲಿ. "ನಾನು ಅವನ ತಂದೆ" ಎಂದೆ. ಕೌಂಟರಿನ ಹುಡುಗ ನಯವಾಗಿಯೇ, "ಅದು ಗೊತ್ತಾಗುತ್ತೆ ಸಾರ್, ಆದ್ರೂ ರೂಲ್ಸು" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೇ ಆ ಕಡೆ ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ. ಕಾಗದಪತ್ರ ಬಂದು ಕೋಡ್ ಸಿಗುವಾಗ ಮುಂದಿನ ವಾರವಾಗುತ್ತಿತ್ತು.

ಗುರುವಾರ ಆಟೋ ಎಲೆಕ್ಟ್ರಿಷಿಯನ್ನನ್ನು ಕಂಡೆ. ಅವನಿಗೆ ನನ್ನ ಗೋಳು ವಿಚಿತ್ರವಾಗಿ ಕಂಡಿತು. "ಕಿತ್ತಾಕಿ ಹೊಸದು ಹಾಕಿಬಿಡೋಣ ಸಾರ್, ಬ್ಲೂಟೂತ್ ಬರುತ್ತೆ. ಈ ಕಾಲದಲ್ಲಿ ಸಿಡಿ ಯಾರು ಕೇಳ್ತಾರೆ?" ಒಳಗೊಂದು ಸಿಡಿ ಇದೆ, ಅದು ಬೇಕು ಎಂದೆ. "ಒಡೆದು ತೆಗೆಯೋಣ, ಗೀರು ಬಿದ್ರೆ ನನ್ನ ಕೇಳಬೇಡಿ" ಎಂದ. ಕೈಯಲ್ಲಿ ಸ್ಕ್ರೂ ಡ್ರೈವರ್ ಆಗಲೇ ಇತ್ತು. ನಾಳೆ ಬರುತ್ತೇನೆ ಎಂದು ಕಾರು ತಿರುಗಿಸಿಕೊಂಡು ಬಂದೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಶುಕ್ರವಾರ ಬೆಳಗ್ಗೆ ಹೆಂಡತಿ ಅಕ್ಕನ ಮನೆಗೆ ಒಯ್ಯಲು ಚಕ್ಕುಲಿ ಕಟ್ಟುತ್ತಿದ್ದಳು. ಪುಟ್ಟಿ ಹಾಸನದ ಡಾಕ್ಟರ ನಂಬರು ಹುಡುಕಲು ನನ್ನ ಹಳೆಯ ಟೆಲಿಫೋನ್ ಡೈರಿ ತೆಗೆದುಕೊಂಡು ಕೂತಿದ್ದಳು. ಇದ್ದಕ್ಕಿದ್ದ ಹಾಗೆ, "ಅಜ್ಜೀ, ರೇಡಿಯೋ ರಾಯರು ಅಂದ್ರೆ ಯಾರು?" ಎಂದಳು.

"ರೇಡಿಯೋ ರಾಯರಾ? ನಮಗೆ ಆ ಹೆಸರಿನವರು ಯಾರೂ ಇಲ್ಲವಲ್ಲೇ. ರೀ, ಯಾರ್ರೀ ಅದು?"

ನನಗೂ ನೆನಪಾಗಲಿಲ್ಲ. ಆಕಾಶವಾಣಿಯಲ್ಲಿದ್ದ ಯಾರೋ ಇರಬೇಕು ಎಂದೆ. ಪುಟ್ಟಿ ಆಗಲೇ ನಂಬರು ಒತ್ತಿಯೂ ಆಗಿತ್ತು. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಆ ಕಡೆಯ ಹೆಂಗಸು ಹೇಳಿದಳು. ಪುಟ್ಟಿ ಪುಟ ಹಿಂದೆ ಮುಂದೆ ತಿರುಗಿಸಿ, "ಲಾಕರ್ ಲಕ್ಷ್ಮಮ್ಮ ಅಂತಾನೂ ಇದಾರೆ. ಇವರೆಲ್ಲ ನಿನ್ನ ಫ್ರೆಂಡ್ಸಾ ತಾತ?" ಎಂದಳು.

ಆಗ ತಲೆಯೊಳಗೆ ಯಾರೋ ದೀಪ ಹಾಕಿದರು. ಲಾಕರ್ ಲಕ್ಷ್ಮಮ್ಮ ನಮ್ಮ ಬೀರುವಿನ ಸಂಖ್ಯೆಯ ಬೀಗ! ಗುಟ್ಟಿನ ಸಂಖ್ಯೆಯನ್ನು ಎಲ್ಲೂ ಬರೆದಿಡಬಾರದು ಎಂದು ಗ್ರಾಹಕರಿಗೆ ಹೇಳುತ್ತಿದ್ದ ನಾನು, ಮರೆವಿಗೆ ಹೆದರಿ, ನನ್ನವನ್ನೆಲ್ಲ ಇಲ್ಲದ ಜನರ ಫೋನ್ ನಂಬರಿನ ವೇಷ ಹಾಕಿಸಿ ಬರೆದಿಡುತ್ತಿದ್ದೆ. ಮೊದಲ ಮೂರು ಅಂಕಿ ಸುಮ್ಮನೆ, ಕೊನೆಯ ನಾಲ್ಕು ಅಸಲು. ಮಗ ಕೊಟ್ಟ ಕಾರ್ಡನ್ನು ಹೀಗೆ ಡೈರಿಗೆ ಏರಿಸಿ, ಶಿಸ್ತಾಗಿ ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದ್ದೂ ನೆನಪಾಯಿತು. ಕಳ್ಳನಿಗೆ ಸಿಗದಿರಲಿ ಎಂದು ಮಾಡಿದ್ದು, ನನಗೇ ಸಿಗದೆ ಹೋಗಿತ್ತು.

ಮೂವರೂ ಚಪ್ಪಲಿ ಹಾಕದೆ ಕಾರಿನ ಹತ್ತಿರ ಓಡಿದೆವು. ಪುಟ್ಟಿ ಒಂದೊಂದೇ ಅಂಕಿ ಕೂಡಿಸಿದಳು. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ, ಬ್ಯಾಂಕಿನವನು. 5ನೇ ಗುಂಡಿ ಒತ್ತಿ ಹಿಡಿದಳು. ಪರದೆ ಒಂದು ಸಲ ಮಿಣುಕಿತು. ಆಮೇಲೆ ಒಳಗಿನಿಂದ ತಟ್ಟೆ ತಿರುಗುವ ಸಣ್ಣ ಸದ್ದು. ನನ್ನ ಹೆಂಡತಿ ಚಕ್ಕುಲಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಈ ಸಲ ಮುಂದಿನ ಭಾನುವಾರಕ್ಕೆ ಕಾಯಲಿಲ್ಲ. ಸಿಡಿ ಹೊರಗೆ ತೆಗೆದು, ಎದುರು ಮನೆಯ ಇಂಜಿನಿಯರಿಂಗ್ ಓದುವ ಹುಡುಗನ ಹಳೆಯ ಕಂಪ್ಯೂಟರಿನಲ್ಲಿ ಅವತ್ತೇ ಮೂರು ಕಡೆ ನಕಲು ಮಾಡಿಸಿದೆ. ಎರಡು ಪೆನ್ ಡ್ರೈವ್, ಒಂದು ಮಗನಿಗೆ ಕಳಿಸಿದ್ದು. ಒಂಬತ್ತನೇ ಹಾಡು ಓದಲು ಬರಲಿಲ್ಲ. ಬಿಸಿಲಿನ ಕೆಲಸ. ಆ ಹಾಡು ಹೋಯಿತು.

ಶನಿವಾರ ಹಾಸನದಿಂದ ವಾಪಸು ಹೊರಟಾಗ ಮಧ್ಯಾಹ್ನ ಮೂರು. ಅಕ್ಕ ಮತ್ತು ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ, ಪುಟ್ಟಿ ನನ್ನ ಪಕ್ಕದಲ್ಲಿ. ಸ್ಟೀರಿಯೋ ಅವಳ ಸುಪರ್ದಿ. ಓಡಿಸುವವನು ಗುಂಡಿ ಮುಟ್ಟಕೂಡದು ಎನ್ನುವುದು ನಮ್ಮ ಕಾರಿನ ಕಾನೂನು. ಹೊಳೆನರಸೀಪುರ ದಾಟಿದ ಮೇಲೆ ಹಾಸನದ ರೇಡಿಯೋ ಗೊರಗೊರ ಎನ್ನತೊಡಗಿತು. "ದೊಡ್ಡಜ್ಜಿ, ಈಗ ನಿನ್ನ ಹಾಡು ಹಾಕ್ಲಾ?" ಎಂದು ಪುಟ್ಟಿ ಕೇಳಿದಳು. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು.

ಎಣ್ಣೆ ಶಾಸ್ತ್ರದ ಹಾಡು ಬಂತು. ಕನ್ನಡಿಯಲ್ಲಿ ನೋಡಿದೆ. ಅಕ್ಕ ತಲೆ ಈ ಕಡೆ ತಿರುಗಿಸಿದ್ದಳು, ಅಷ್ಟೇ. ಆರತಿ ಹಾಡಿಗೆ ಅವಳ ಎಡಗೈ ಮಡಿಲ ಮೇಲೆ ತಾಳ ಹಾಕುತ್ತಿತ್ತು. ತುಟಿ ಅಲುಗುತ್ತಿತ್ತೋ, ಕಾರು ಕುಲುಕುತ್ತಿತ್ತೋ ತಿಳಿಯಲಿಲ್ಲ. ನಾನು ನಲವತ್ತರ ಮೇಲೆ ವೇಗ ಏರಿಸಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ.

ಮೂರನೆಯದು ಬೀಗರ ಹಾಡು. ನಲವತ್ತೊಂದರ ಅಕ್ಕ ಗತ್ತಿನಿಂದ ಹಾಡುತ್ತ ಬಂದು, ಎಂದಿನ ಜಾಗದಲ್ಲಿ ತಡವರಿಸಿದಳು. ಚಪ್ಪರದ ಹೆಂಗಸರು ನಕ್ಕರು. ಆ ನಗು ಮುಗಿದು ಅಮ್ಮ ಬಾಯಿ ತೆಗೆಯುವುದಕ್ಕೆ ಒಂದು ಉಸಿರಿನಷ್ಟು ಹೊತ್ತಿದೆ.

"ಹೋ... ಳಿಗೆ" ಎಂದಿತು ಹಿಂದಿನ ಸೀಟು.

ಒಡಕು ದನಿ, ಆದರೆ ಸ್ಪಷ್ಟ. ಆಮೇಲೆ ಸ್ಪೀಕರಿನಿಂದ ಅಮ್ಮ ಹೇಳಿದಳು, "ಹೋಳಿಗೆ! ಹೋಳಿಗೆ ಕಣೇ!"

ನಾನು ಕಾರನ್ನು ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಲ್ಲಿಸಿದೆ. ಯಾರೂ ಏನೂ ಮಾತಾಡಲಿಲ್ಲ. ಅಕ್ಕ ಮುಂದಕ್ಕೆ ಬಾಗಿ, ಎಡಗೈಯಿಂದ ಪುಟ್ಟಿಯ ಭುಜ ತಟ್ಟಿ, ಸ್ಟೀರಿಯೋ ಕಡೆ ಬೆರಳು ತೋರಿಸಿದಳು. ಪುಟ್ಟಿ ಎಡಗಡೆಯ ಬಾಣದ ಗುಂಡಿಯನ್ನು ಒಂದು ಸಲ ತಟ್ಟಿದಳು. ಮೂರನೆಯ ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.